ಎಂಐಟಿ ಲಿವಿಂಗ್ ವೇಜ್ ಕ್ಯಾಲ್ಕ್ಯುಲೇಟರ್: ಕನಿಷ್ಠ ವೇತನದ ವಾದಕ್ಕೆ ಎಷ್ಟು ಆಧಾರವಾಗುತ್ತದೆ?

ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈ 24ರಂದು ಜಾರಿಗೆ ಬಂದ ದರ ಅಲ್ಲಿಂದಾಚೆಗೆ ಕದಲಿಲ್ಲ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ತಮ್ಮ ಕೈಯಿಂದ ಕೊಡಬೇಕಾದ ಫೆಡರಲ್ ಕನಿಷ್ಠ 2.13 ಡಾಲರ್, ಅದಂತೂ 1991ರಿಂದ ಹಾಗೇ ನಿಂತಿದೆ. ಏರಿಸಬೇಕೋ ಬೇಡವೋ ಎಂಬ ವಾದ ಎದ್ದಾಗಲೆಲ್ಲ 15, 17, 20 ಎಂದು ಅಂಕಿಗಳು ಬರುತ್ತವೆ. ಅವು ಎಲ್ಲಿಂದ ಬಂದವು ಎಂದು ಹೇಳುವವರು ಕಡಿಮೆ. ಆ ಕೊರತೆ ತುಂಬುವ ಉಚಿತ ಸಾಧನಗಳಲ್ಲಿ ಎಂಐಟಿಯ ಲಿವಿಂಗ್ ವೇಜ್ ಕ್ಯಾಲ್ಕ್ಯುಲೇಟರ್ ಮುಂದಿನ ಸಾಲಿನದು. ಆರ್ಥಿಕ ಭೂಗೋಳದ ಪ್ರಾಧ್ಯಾಪಕಿ ಏಮಿ ಗ್ಲಾಸ್ಮಿಯರ್ 2004ರಲ್ಲಿ ಇದನ್ನು ಶುರುಮಾಡಿದರು. ಸರ್ಕಾರದ ನೆರವಿಲ್ಲದೆ ಒಂದು ಕುಟುಂಬ ತನ್ನ ದುಡಿಮೆಯಲ್ಲೇ ಮೂಲ ಖರ್ಚು ನಿಭಾಯಿಸಬೇಕಾದರೆ ಗಂಟೆಗೆ ಎಷ್ಟು ಕೂಲಿ ಬೇಕು ಎಂಬುದನ್ನು ಅದು ಕೌಂಟಿವಾರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಘಟಕ) ಹೇಳುತ್ತದೆ. ಆ ಕೂಲಿಯೇ ಲಿವಿಂಗ್ ವೇಜ್.

ಬಳಸುವುದು ಕಷ್ಟವಲ್ಲ. ರಾಜ್ಯ ಆರಿಸಿ, ಆಮೇಲೆ ಕೌಂಟಿ ಅಥವಾ ಮಹಾನಗರ ಪ್ರದೇಶ ಆರಿಸಿದರೆ ಒಂದು ಕೋಷ್ಟಕ ತೆರೆಯುತ್ತದೆ. ಅದರಲ್ಲಿ ಹನ್ನೆರಡು ಕಾಲಂ, ಮೂರು ಸಾಲು. ಕಾಲಂಗಳು ಕುಟುಂಬದ ಬಗೆಯನ್ನು ಹೇಳುತ್ತವೆ: ಒಬ್ಬರೇ ಇದ್ದು ದುಡಿಯುವವರು, ಇಬ್ಬರಲ್ಲಿ ಒಬ್ಬರು ದುಡಿಯುವವರು, ಇಬ್ಬರೂ ದುಡಿಯುವವರು, ಪ್ರತಿ ಬಗೆಗೂ ಸೊನ್ನೆಯಿಂದ ಮೂರರವರೆಗೆ ಮಕ್ಕಳು. ಸಾಲುಗಳು ಲಿವಿಂಗ್ ವೇಜ್, ಪಾವರ್ಟಿ ವೇಜ್, ಮಿನಿಮಮ್ ವೇಜ್. ಕೆಳಗೆ ಹೋದರೆ ವಾರ್ಷಿಕ ಖರ್ಚಿನ ಪಟ್ಟಿ, ಅದಕ್ಕೂ ಕೆಳಗೆ ಆ ಪ್ರದೇಶದಲ್ಲಿ ಯಾವ ಬಗೆಯ ಕೆಲಸಕ್ಕೆ ಸಾಮಾನ್ಯವಾಗಿ ಎಷ್ಟು ಸಂಬಳ ಎಂಬ ಪಟ್ಟಿ. ಹೆಚ್ಚಿನವರು ಮೇಲಿನ ಅಂಕಿ ನೋಡಿ ಪುಟ ಮುಚ್ಚುತ್ತಾರೆ. ನಿಜವಾದ ವಿಷಯ ಇರುವುದು ಖರ್ಚಿನ ಪಟ್ಟಿಯಲ್ಲಿ.

ಆ ಪಟ್ಟಿಯಲ್ಲಿ ಆಹಾರ, ಮಕ್ಕಳ ಆರೈಕೆ, ಆರೋಗ್ಯ, ಮನೆ, ಓಡಾಟ, ಇಂಟರ್ನೆಟ್ ಮತ್ತು ಮೊಬೈಲ್, ಸಾಮಾಜಿಕ ಜೀವನದ ಖರ್ಚು, ಬಟ್ಟೆಬರೆಯಂಥ ಇತರೆ ಅಗತ್ಯ, ಇವೆಲ್ಲದರ ಮೇಲೆ ತೆರಿಗೆ ಇವೆ. ಆಹಾರಕ್ಕೆ ಕೃಷಿ ಇಲಾಖೆಯ ನಾಲ್ಕು ಆಹಾರ ಯೋಜನೆಗಳಲ್ಲಿ ಅಗ್ಗದ ಕಡೆಯಿಂದ ಎರಡನೆಯದನ್ನು ಹಿಡಿದಿದ್ದಾರೆ. ಎಲ್ಲವನ್ನೂ ಮನೆಯಲ್ಲೇ ಬೇಯಿಸಿ ತಿನ್ನುವ ಲೆಕ್ಕ. ಬಾಡಿಗೆಗೆ ವಸತಿ ಇಲಾಖೆಯ ಫೇರ್ ಮಾರ್ಕೆಟ್ ರೆಂಟ್, ಅಂದರೆ ಮಾರುಕಟ್ಟೆ ಬಾಡಿಗೆಗಳನ್ನು ಕೆಳಗಿನಿಂದ ಜೋಡಿಸಿದರೆ 40ನೇ ಶೇಕಡಾಂಕದಲ್ಲಿ ನಿಲ್ಲುವ ಮೊತ್ತ. ವಿದ್ಯುತ್, ನೀರಿನ ಖರ್ಚೂ ಅದರಲ್ಲೇ ಸೇರಿದೆ. ಹೋಟೆಲ್ ಊಟ ಇಲ್ಲ, ಪ್ರವಾಸ ಇಲ್ಲ, ಉಳಿತಾಯ ಇಲ್ಲ, ನಿವೃತ್ತಿಗೆ ಎತ್ತಿಡುವ ಹಣವೂ ಇಲ್ಲ. ಈ ಅಂಕಿಯನ್ನು ಐಷಾರಾಮದ ಬೇಡಿಕೆ ಎನ್ನುವವರು ಪಟ್ಟಿಯನ್ನು ಒಮ್ಮೆ ಸಾಲುಸಾಲಾಗಿ ಓದಲಿ. ಕಾರು ಕೆಟ್ಟು ನಿಂತರೆ, ಹಲ್ಲು ಕೀಳಿಸಬೇಕಾಗಿ ಬಂದರೆ ಸಾಲ ಮಾಡಬೇಕಾದಷ್ಟು ಬಿಗಿಯಾದ ಬಜೆಟ್ಟು ಇದು.

ನಡುವಿನ ಸಾಲು, ಪಾವರ್ಟಿ ವೇಜ್, ಅಷ್ಟು ಗಟ್ಟಿಯಾದುದಲ್ಲ. ಅದು ಸರ್ಕಾರದ ಬಡತನ ಮಾನದಂಡವನ್ನು ಗಂಟೆಗೆ ಇಳಿಸಿದ ಅಂಕಿ. ಆ ಮಾನದಂಡದ ಬೇರು 1960ರ ದಶಕದಲ್ಲಿ ಸರ್ಕಾರಿ ಅರ್ಥಶಾಸ್ತ್ರಜ್ಞೆ ಮಾಲಿ ಒರ್ಷಾನ್‌ಸ್ಕಿ ಹಾಕಿಕೊಟ್ಟ ಸೂತ್ರದಲ್ಲಿದೆ: ಕಡಿಮೆ ಖರ್ಚಿನ ಊಟದ ವೆಚ್ಚಕ್ಕೆ ಮೂರು ಪಟ್ಟು. 1955ರ ಸಮೀಕ್ಷೆಯಲ್ಲಿ ಕುಟುಂಬಗಳು ಆದಾಯದ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತಿದ್ದವು ಎಂಬುದು ಅದಕ್ಕೆ ಆಧಾರ. ಈಗ ಬಜೆಟ್ಟನ್ನು ತಿನ್ನುತ್ತಿರುವುದು ಬಾಡಿಗೆ, ಮಕ್ಕಳ ಆರೈಕೆ, ಆಸ್ಪತ್ರೆ. ಆದರೂ ಮಾನದಂಡವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿದ್ದಷ್ಟೇ, ಒಳಗಿನ ಲೆಕ್ಕ ಬದಲಾಗಲಿಲ್ಲ. ಹೀಗಿದ್ದೂ 2025ರಲ್ಲಿ ಒಬ್ಬಂಟಿ ವ್ಯಕ್ತಿಗೆ ಈ ಮಾನದಂಡ ವರ್ಷಕ್ಕೆ 15,650 ಡಾಲರ್. 7.25 ಡಾಲರಿನಂತೆ ವಾರಕ್ಕೆ 40 ಗಂಟೆ, ವರ್ಷವಿಡೀ ಒಂದು ವಾರವೂ ತಪ್ಪದೆ ದುಡಿದರೆ ತೆರಿಗೆಗೆ ಮುಂಚೆ ಸಿಗುವುದು 15,080. ಅಷ್ಟು ಕೆಳಗಿರುವ ಗೆರೆಯನ್ನೂ ಫೆಡರಲ್ ಕನಿಷ್ಠ ವೇತನ ಮುಟ್ಟುತ್ತಿಲ್ಲ. ಏರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು. ಉಳಿದದ್ದು ಎಷ್ಟಕ್ಕೆ ಎಂಬುದು.

ಅದಕ್ಕೆ ಈ ಪುಟದ ಅಂಕಿಯನ್ನು ನೇರವಾಗಿ ಎತ್ತಿಕೊಳ್ಳಲು ಹೊರಟರೆ ಎಡವುವ ಜಾಗಗಳಿವೆ. ಮೊದಲನೆಯದು ಕಾಲಂ ಆಯ್ಕೆ. ಒಬ್ಬ ಪೋಷಕ, ಒಂದು ಮಗು ಎಂಬ ಕಾಲಂಗೆ ಬಂದೊಡನೆ ಅಂಕಿ ದಿಢೀರನೆ ಹಾರುತ್ತದೆ, ಏಕೆಂದರೆ ಅಲ್ಲಿ ಮಕ್ಕಳ ಆರೈಕೆಯ ಶುಲ್ಕ ಪೂರ್ತಿ ಸೇರುತ್ತದೆ. ಇಬ್ಬರಲ್ಲಿ ಒಬ್ಬರು ಮಾತ್ರ ದುಡಿಯುವ ಕುಟುಂಬಕ್ಕೆ ಖರ್ಚಿನ ಪಟ್ಟಿಯ ಮಕ್ಕಳ ಆರೈಕೆಯ ಸಾಲಿನಲ್ಲಿ ಸೊನ್ನೆ ಇರುತ್ತದೆ, ಮನೆಯಲ್ಲಿರುವವರು ನೋಡಿಕೊಳ್ಳುತ್ತಾರೆ ಎಂಬ ಎಣಿಕೆಯಿಂದ. ಇಬ್ಬರೂ ದುಡಿಯುವ ಕಾಲಂನ ಅಂಕಿ ತಲಾ ಒಬ್ಬರದು. ಕುಟುಂಬದ ಆದಾಯ ಬೇಕಿದ್ದರೆ ಎರಡರಿಂದ ಗುಣಿಸಬೇಕು. ಇದನ್ನು ಗಮನಿಸದೆ ಎರಡು ಕಾಲಂಗಳನ್ನು ಹೋಲಿಸುವ ತಪ್ಪು ಸುಲಭವಾಗಿ ಆಗುತ್ತದೆ. ಕಾನೂನಿನ ಕನಿಷ್ಠ ವೇತನ ಮಕ್ಕಳ ಸಂಖ್ಯೆ ನೋಡಿ ಬದಲಾಗುವುದಿಲ್ಲ. ಆದ್ದರಿಂದ ವೇತನದ ವಾದಕ್ಕೆ ಮಕ್ಕಳಿಲ್ಲದ ಒಬ್ಬಂಟಿಯ ಕಾಲಂ ಹಿಡಿಯುವುದೇ ಪ್ರಾಮಾಣಿಕ. ಮಿಕ್ಕ ಕಾಲಂಗಳು ಶಿಶುಪಾಲನೆಗೆ ಸಹಾಯಧನ ಎಷ್ಟು ಬೇಕೆಂಬ ವಾದಕ್ಕೆ ಬಹಳ ಚೆನ್ನಾಗಿ ಒದಗುತ್ತವೆ.

ಎರಡನೆಯದು ಗಂಟೆಗಳು. ಇಡೀ ಲೆಕ್ಕ ವರ್ಷಕ್ಕೆ 2,080 ಗಂಟೆಯ ಮೇಲೆ ನಿಂತಿದೆ, ಅಂದರೆ ವಾರಕ್ಕೆ 40 ಗಂಟೆ, 52 ವಾರ. ಅಂಗಡಿ, ಹೋಟೆಲ್, ಮನೆಗೆ ಹೋಗಿ ಆರೈಕೆ ಮಾಡುವ ಕೆಲಸಗಳಲ್ಲಿ ಎಷ್ಟೋ ಜನರಿಗೆ ಅಷ್ಟು ಶಿಫ್ಟು ಸಿಗುವುದೇ ಇಲ್ಲ. ಉದಾಹರಣೆಗೆ ಪುಟ ಗಂಟೆಗೆ 21 ಡಾಲರ್ ಬೇಕು ಎಂದಿತು ಎನ್ನಿ. ಅದು ವರ್ಷಕ್ಕೆ 43,680 ಡಾಲರ್. ವಾರಕ್ಕೆ 30 ಗಂಟೆ ಮಾತ್ರ ಕೆಲಸವಿದ್ದರೆ ವರ್ಷದ ಗಂಟೆಗಳು 1,560, ಬೇಕಾದ ದರ 28 ಡಾಲರ್. ಗಂಟೆಯ ದರ ಏರಿಸಿ ಶಿಫ್ಟು ಕತ್ತರಿಸಿದರೆ ಕೆಲಸಗಾರನ ಕೈಗೆ ಏನೂ ಹತ್ತುವುದಿಲ್ಲ. ಕ್ಯಾಲ್ಕ್ಯುಲೇಟರಿನಲ್ಲಿ ಗಂಟೆ ಬದಲಿಸಿ ನೋಡುವ ಸೌಲಭ್ಯ ಇದ್ದರೆ ಇದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಸದ್ಯಕ್ಕೆ ಖರ್ಚಿನ ಪಟ್ಟಿಯ ಕೊನೆಯಲ್ಲಿರುವ ತೆರಿಗೆಗೆ ಮುಂಚಿನ ವಾರ್ಷಿಕ ಮೊತ್ತವನ್ನು ತೆಗೆದುಕೊಂಡು, ನಿಜವಾಗಿ ಸಿಗುವ ಗಂಟೆಗಳಿಂದ ಭಾಗಿಸಿಕೊಳ್ಳಬೇಕು.

ಮೂರನೆಯದು ಕೌಂಟಿಯ ಗಾತ್ರ. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ. ಸಮುದ್ರದ ದಂಡೆಯ ಸಾಂತಾ ಮೋನಿಕಾಕ್ಕೂ ಮರುಭೂಮಿಯ ಅಂಚಿನ ಲ್ಯಾಂಕಾಸ್ಟರಿಗೂ ಒಂದೇ ಬಾಡಿಗೆ ಅಂಕಿ. ಇಂಥ ಕಡೆ ವಸತಿ ಇಲಾಖೆಯೇ ಪಿನ್‌ಕೋಡ್ ಮಟ್ಟದಲ್ಲಿ ಪ್ರಕಟಿಸುವ ಸ್ಮಾಲ್ ಏರಿಯಾ ಫೇರ್ ಮಾರ್ಕೆಟ್ ರೆಂಟ್ ತೆಗೆದು, ಬಾಡಿಗೆಯ ಸಾಲನ್ನು ಕೈಯಾರೆ ಬದಲಿಸಿಕೊಂಡರೆ ಲೆಕ್ಕ ನೆಲಕ್ಕೆ ಹತ್ತಿರ ಬರುತ್ತದೆ. ಅಗ್ಗದ ಬಾಡಿಗೆಯ ಕಡೆಗೆ ಸರಿದವರ ಓಡಾಟದ ಖರ್ಚು ಮಾತ್ರ ಹೆಚ್ಚುತ್ತದೆ, ಆ ಸಾಲನ್ನೂ ತಿದ್ದಬೇಕು.

ಈ ಸಾಧನ ಬಾಯಿಬಿಡದ ವಿಷಯವೂ ಇದೆ: ದರ ಏರಿಸಿದರೆ ಕೆಲಸಗಳು ಹೋಗುತ್ತವೆಯೇ? 1992ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿ ತನ್ನ ದರವನ್ನು 4.25ರಿಂದ 5.05ಕ್ಕೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿಯ ಮತ್ತು ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಮಳಿಗೆಗಳನ್ನು ಹೋಲಿಸಿ ನೋಡಿದರು. ಕೆಲಸ ಕಡಿಮೆಯಾದದ್ದು ಕಾಣಲಿಲ್ಲ. ಆ ನಿರ್ಣಯವನ್ನು ಪ್ರಶ್ನಿಸಿದವರೂ ಉಂಟು. ಫೆಡರಲ್ ದರವನ್ನು 2025ರ ಹೊತ್ತಿಗೆ 15ಕ್ಕೆ ಒಯ್ಯುವ ಪ್ರಸ್ತಾಪದ ಬಗ್ಗೆ ಸಂಸತ್ತಿನ ಬಜೆಟ್ ಕಚೇರಿ 2021ರಲ್ಲಿ ಕೊಟ್ಟ ಅಂದಾಜು: 14 ಲಕ್ಷ ಕೆಲಸ ಕಡಿಮೆ, 9 ಲಕ್ಷ ಜನ ಬಡತನದಿಂದ ಹೊರಗೆ. ಸಣ್ಣ ಏರಿಕೆಗೂ ದೊಡ್ಡ ಏರಿಕೆಗೂ ಪರಿಣಾಮ ಒಂದೇ ಆಗುವುದಿಲ್ಲ. ಅದನ್ನು ಅಳೆಯಲು ಕನಿಷ್ಠ ವೇತನ ಆ ಪ್ರದೇಶದ ಮಧ್ಯಮಾಂಕ ಕೂಲಿಯ (ಅರ್ಧದಷ್ಟು ಕೆಲಸಗಾರರು ಅದಕ್ಕಿಂತ ಕಡಿಮೆ, ಅರ್ಧದಷ್ಟು ಜನ ಹೆಚ್ಚು ಪಡೆಯುವ ದರದ) ಶೇಕಡಾ ಎಷ್ಟು ಎಂದು ನೋಡಬೇಕು. 2023ರ ಮೇ ತಿಂಗಳ ಸರ್ಕಾರಿ ಅಂಕಿಯಲ್ಲಿ ದೇಶದ ಮಧ್ಯಮಾಂಕ ಗಂಟೆಗೆ 23.11 ಡಾಲರ್. ಅದರೆದುರು 7.25 ಶೇಕಡಾ 31ರಷ್ಟು ಮಾತ್ರ. ಅರ್ಧಕ್ಕೆ ಒಯ್ದರೂ 11.55 ಆಗುತ್ತದೆ. ಸ್ವಂತ ಕನಿಷ್ಠ ವೇತನ ಕಾಯಿದೆಯೇ ಇಲ್ಲದ ಮಿಸಿಸಿಪ್ಪಿ, ಅಲಬಾಮಾದಂಥ ರಾಜ್ಯಗಳಿಗೆ ಅದೇ ದೊಡ್ಡ ಜಿಗಿತ, 2025ರಲ್ಲಿ 16.66ಕ್ಕೆ ಬಂದಿರುವ ವಾಷಿಂಗ್ಟನ್ ರಾಜ್ಯಕ್ಕೆ ಏನೂ ಅಲ್ಲ. ವಾಷಿಂಗ್ಟನ್ 1998ರಲ್ಲೇ ಮತದಾರರ ತೀರ್ಮಾನದ ಮೂಲಕ ವೇತನವನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಹಾಕಿತು. ಫೆಡರಲ್ ಕಾಯಿದೆಯಲ್ಲಿ ತುರ್ತಾಗಿ ಬೇಕಿರುವುದು ಈ ಕಟ್ಟು. ಅದಿಲ್ಲದಿದ್ದರೆ ಯಾವ ದರ ತಂದರೂ ಹತ್ತು ವರ್ಷದಲ್ಲಿ ಸವೆಯುತ್ತದೆ.

ಎಕನಾಮಿಕ್ ಪಾಲಿಸಿ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆಯ ಫ್ಯಾಮಿಲಿ ಬಜೆಟ್ ಕ್ಯಾಲ್ಕ್ಯುಲೇಟರ್ ಇದಕ್ಕೆ ಒಳ್ಳೆಯ ಜೋಡಿ. ನಾಲ್ಕು ಮಕ್ಕಳವರೆಗೆ ಲೆಕ್ಕ ಕೊಡುತ್ತದೆ, ತಿಂಗಳ ಬಜೆಟ್ಟನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಗಂಟೆಯ ಕೂಲಿಗೆ ಇಳಿಸಿ ಹೇಳುವುದಿಲ್ಲ. ವೇತನದ ಮಾತುಕತೆಗೆ ಎಂಐಟಿಯದು, ಮನೆಖರ್ಚಿನ ಮಾತಿಗೆ ಅದು.

ಆಹಾರ ಸಹಾಯಧನ ಪಡೆಯುತ್ತಿರುವವರು ಎರಡೂ ಪುಟಗಳನ್ನು ಎಚ್ಚರದಿಂದ ಓದಬೇಕು. ಸ್ನ್ಯಾಪ್ ಎಂಬ ಈ ಸಹಾಯಧನದ ನಿಯಮದಲ್ಲಿ ದುಡಿಮೆಯ ಆದಾಯದ ಶೇಕಡಾ 20 ಬಿಟ್ಟು, ಉಳಿದದ್ದರ ಶೇಕಡಾ 30ರಷ್ಟು ಸಹಾಯ ಕಡಿತವಾಗುತ್ತದೆ. ಅಂದರೆ ಹೆಚ್ಚು ದುಡಿದ ಪ್ರತಿ ಡಾಲರಿಗೆ ಸುಮಾರು 24 ಸೆಂಟ್ ಸಹಾಯ ಹೋಗುತ್ತದೆ, ಅದರ ಮೇಲೆ ಸಂಬಳದಿಂದಲೇ ಕಡಿತವಾಗುವ ಪೇರೋಲ್ ತೆರಿಗೆ 7.65 ಸೆಂಟ್. ಕೂಲಿ 2 ಡಾಲರ್ ಏರಿದರೆ ಮನೆಗೆ ಬರುವುದು 1.37ರ ಆಸುಪಾಸು. ವಾರ್ಷಿಕ ಅಂಕಿಯನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸುವಾಗಲೂ ವಿಧಾನದ ಟಿಪ್ಪಣಿ ಓದಿಕೊಳ್ಳಿ: ಇಂಟರ್ನೆಟ್ ಮತ್ತು ಮೊಬೈಲಿನ ಸಾಲು ಆಮೇಲೆ ಸೇರಿದ್ದು, ಹಾಗಾಗಿ ಹಳೆಯ ಮುದ್ರಿತ ಪ್ರತಿಗೂ ಈಗಿನ ಪುಟಕ್ಕೂ ಇರುವ ವ್ಯತ್ಯಾಸವೆಲ್ಲ ಬೆಲೆ ಏರಿಕೆಯಿಂದಲೇ ಬಂದದ್ದಲ್ಲ.