ನಮ್ಮನೆಯ ಮೂರು ಫ್ಯಾನ್

ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲಿ ಮೂರು ಥರದ ಫ್ಯಾನ್ ಇವೆ. ಊಟದ ಕೋಣೆಯಲ್ಲಿ ಕರೆಂಟು ಉಳಿತಾಯದ ಸ್ಟಾರ್ ಗುರುತಿಲ್ಲದ ಹಳೆಯದು. ಚಾವಡಿಯಲ್ಲಿ ಮಾಮೂಲಿ ಮೋಟಾರಿನ ಒಂದು ಸ್ಟಾರ್. ಮಲಗುವ ಕೋಣೆಯಲ್ಲಿ ಐದು ಸ್ಟಾರಿನ ಬಿಎಲ್‌ಡಿಸಿ, ಅಂದರೆ ಬ್ರಶ್ ಇಲ್ಲದ ಡಿಸಿ ಮೋಟಾರಿನದ್ದು. ಮೂರೂ 1200 ಮಿ.ಮೀ. ಸೀಲಿಂಗ್ ಫ್ಯಾನ್.

ಒಂದು ಭಾನುವಾರ ಫ್ರಿಜ್, ಇನ್ವರ್ಟರ್ ಎಲ್ಲ ಆಫ್ ಮಾಡಿ ಮೀಟರಿನ ಮುಂದೆ ಸ್ಟೂಲು ಹಾಕಿ ಕೂತೆ. ನಮ್ಮ ಮೀಟರಿನ ಕೆಂಪು ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್. ಫುಲ್ ಸ್ಪೀಡಿನಲ್ಲಿ ಹತ್ತು ನಿಮಿಷಕ್ಕೆ ಹಳೆಯದು 40 ಸಲ ಮಿಣುಕಿಸಿತು, ಅಂದರೆ 75 ವಾಟ್. ಒಂದು ಸ್ಟಾರಿನದ್ದು 28, ಸುಮಾರು 52 ವಾಟ್. ಬಿಎಲ್‌ಡಿಸಿ 15, ಬರೀ 28 ವಾಟ್. ಆಫ್ ಮಾಡಿ ಮೋಟಾರು ಮುಟ್ಟಿ ನೋಡಿದರೆ ಹಳೆಯದು ದೋಸೆಕಲ್ಲಿನ ಹಾಗೆ. ಬಿಎಲ್‌ಡಿಸಿ ಸ್ವಲ್ಪ ಬೆಚ್ಚಗೆ ಅಷ್ಟೆ. ಅದರ ತಿರುಗುವ ಭಾಗದಲ್ಲಿ ಅಯಸ್ಕಾಂತವೇ ಇರುವುದರಿಂದ ಅಲ್ಲಿ ಕರೆಂಟು ಸುಮ್ನೆ ಬಿಸಿಯಾಗಿ ಹೋಗುವುದಿಲ್ಲ.

ನನಗೆ ಆಶ್ಚರ್ಯ ಆದದ್ದು ಒಂದು ಸ್ಟಾರಿನ ಫ್ಯಾನ್ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಕಡ್ಡಾಯ ಅಲ್ವಾ, ಒಂದು ವಾಟಿಗೆ ಎಷ್ಟು ಗಾಳಿ ಅನ್ನೋದೇ ಅದರ ಅಳತೆ. ಹಳೆಯದನ್ನು ಬಿಟ್ಟು ಒಂದು ಸ್ಟಾರಿಗೆ ಬಂದರೆ ಉಳಿಯುವುದೂ, ಅಲ್ಲಿಂದ ಐದು ಸ್ಟಾರಿಗೆ ಹೋದರೆ ಉಳಿಯುವುದೂ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ಎರಡು ತಿಂಗಳ ಬಿಲ್ಲಿನಲ್ಲಿ ಸುಮಾರು 14 ಯೂನಿಟ್. ಬಿಎಲ್‌ಡಿಸಿಗೆ ನಾನು ಜಾಸ್ತಿ ಕೊಟ್ಟದ್ದು 1,300 ರೂಪಾಯಿ.

ಇನ್ವರ್ಟರ್ ಮೇಲೆ ರಾತ್ರಿ ಕಳೆಯಲು ಮಾತ್ರ ಬಿಎಲ್‌ಡಿಸಿಗೆ ಸಾಟಿ ಇಲ್ಲ. ಅಮ್ಮನಿಗೆ ಅದು ಹಿಡಿಸಲಿಲ್ಲ. "ಟಿವಿಯ ಹಾಗೆ ಇದಕ್ಕೂ ರಿಮೋಟ್ ಎಂತಕ್ಕೆ ಮಗಾ?"

ಆಮೇಲೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಬಂತು. ಬಿಎಲ್‌ಡಿಸಿಯ ಸರ್ಕ್ಯೂಟ್ ಬೋರ್ಡ್ ಸುಟ್ಟಿತು. ಸಿಡಿಲಿಗೆ ವಾರಂಟಿ ಇಲ್ಲವಂತೆ. ಬೋರ್ಡಿಗೆ 900 ರೂಪಾಯಿ, 17 ದಿನ ಕಾಯುವುದು ಬೇರೆ. ಹಳೆಯ ಫ್ಯಾನ್ ನಿಂತಾಗ ಊರಿನ ಎಲೆಕ್ಟ್ರಿಷಿಯನ್ 60 ರೂಪಾಯಿಯ ಕೆಪಾಸಿಟರ್ ಹಾಕಿ ಚಾ ಕುಡಿದು ಹೋಗಿದ್ದ. ಸ್ಟಾರ್ ನೋಡುವುದು ಕರೆಂಟನ್ನು, ಐಎಸ್‌ಐ ಗುರುತು ನೋಡುವುದು ಗುಣಮಟ್ಟ, ಸುರಕ್ಷತೆಯನ್ನು. ರಿಪೇರಿ ಸುಲಭವೋ ಕಷ್ಟವೋ ಎಂದು ಎರಡೂ ಹೇಳುವುದಿಲ್ಲ.

ಈಗ ಸಿಡಿಲು ಗುಡುಗಿದರೆ ಮಲಗುವ ಕೋಣೆಯ ಫ್ಯಾನನ್ನು ಗೋಡೆಯ ಸ್ವಿಚ್ಚಲ್ಲೇ ಆಫ್ ಮಾಡಿ, ಮೈನ್ ಇಳಿಸುತ್ತೇನೆ. ಊಟದ ಕೋಣೆಗೆ ಮುಂದಿನ ವಾರ ಬರುವುದು ಒಂದು ಸ್ಟಾರಿನದ್ದೇ. ಅಲ್ಲಿ ಫ್ಯಾನ್ ತಿರುಗುವುದು ಊಟದ ಹೊತ್ತಿಗೆ ಮಾತ್ರ.