ಜೀಪಿನ ತಗಡು ಮತ್ತು ಮೂರು ಮಳೆಗಾಲ: ಕರಿ ಆಯಿಲ್, ಟಾರ್ ಕೋಟಿಂಗ್, ಮೇಣ, ಎಪಾಕ್ಸಿ

2022ರ ಏಪ್ರಿಲ್‌ನಲ್ಲಿ ಜೀಪಿನ ಹಿಂಬದಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿದರೆ ತಗಡಿನಲ್ಲಿ ಅಂಗೈಯಗಲದ ತೂತು. ಅದರೊಳಗಿಂದ ಅಂಗಳದ ಜಲ್ಲಿ ಕಾಣುತ್ತಿತ್ತು. ನನ್ನ ಮನೆ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ, ಅಡಿಕೆ ತೋಟ ಪೆರ್ಲದ ಕಡೆ. ಮನೆಯಲ್ಲಿ ನಿಂತರೆ ಕಡಲಿನ ಉಪ್ಪುಗಾಳಿ, ತೋಟಕ್ಕೆ ಹೋದರೆ ಕೆಂಪು ಕೆಸರು, ಮೇಲಿನಿಂದ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸಿನ ಮಳೆ. ಆದರೆ ಆ ತೂತಿಗೆ ಕಾರಣ ಇವು ಮೂರೂ ಅಲ್ಲ, ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್.

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಡುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸುಣ್ಣ ಸಾಕಾಯಿತೇ ಎಂದು ನೋಡಲು ದ್ರಾವಣಕ್ಕೆ ಕತ್ತಿ ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು. ನಾನು ಮೈಲುತುತ್ತನ್ನು ಮನೆಯಲ್ಲೇ ಕರಗಿಸಿ ಕ್ಯಾನಿನಲ್ಲಿ ಒಯ್ಯುತ್ತಿದ್ದೆ. ಗುಡ್ಡದ ದಾರಿಯಲ್ಲಿ ಅದು ತುಳುಕಿ ಮ್ಯಾಟಿನಡಿ ಸೇರುತ್ತಿತ್ತು. ಕತ್ತಿಗೆ ಆದದ್ದೇ ತಗಡಿಗೂ ಆಯಿತು: ತಾಮ್ರ ಬಂದು ಕೂತಿತು, ಕಬ್ಬಿಣ ಕರಗಿ ಹೋಯಿತು.

ತೂತಿಗೆ ಹೊಸ ತಗಡು ಬೆಸೆಸಿದ ಮೇಲೆ, ಇನ್ನುಳಿದ ತಗಡನ್ನಾದರೂ ತುಕ್ಕಿನಿಂದ ಉಳಿಸಿಕೊಳ್ಳಬೇಕೆಂದು ಹಟ ಹುಟ್ಟಿತು. ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಗಾಗಿ ಒಂದೇ ಗಾಡಿಯಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಮದ್ದು ಹಾಕಿದೆ. ಎಡ ಅಡಿಭಾಗಕ್ಕೆ ಅಂಗಡಿಯ ಟಾರ್-ರಬ್ಬರ್ ಕೋಟಿಂಗ್, ಬಲಕ್ಕೆ ತುಕ್ಕು ತಡೆಯಲೆಂದು ಸಿಂಪಡಿಸುವ ಮೇಣ, ಚಾಸಿಸ್ಸಿಗೆ ಕರಿ ಆಯಿಲ್ (ಇಂಜಿನ್‌ನಿಂದ ತೆಗೆದ ಹಳೆ ಎಣ್ಣೆ), ಒಳಗಿನ ನೆಲಕ್ಕೆ ಎಪಾಕ್ಸಿ ಪ್ರೈಮರ್. 2024ರ ಮಳೆ ಮುಗಿಯುವವರೆಗೆ ಕಾದು ನೋಡಿದೆ.

ಕರಿ ಆಯಿಲ್ ವಿಷಯ ಬೇಗ ಮುಗಿಸುತ್ತೇನೆ. ಖರ್ಚಿಲ್ಲ, ಸಂದಿಗೂ ಇಳಿಯುತ್ತದೆ, ನಿಜ. ಆದರೆ ಜೂನ್‌ನ ಮೊದಲ ಜೋರು ಮಳೆಗೇ ಅರ್ಧ ತೊಳೆದುಹೋಗಿ ಅಂಗಳದಲ್ಲಿ ಬಣ್ಣಬಣ್ಣದ ಪಸೆ ಹರಿಯಿತು. ನಮ್ಮ ಬಾವಿ ಅಲ್ಲಿಂದ ಹತ್ತು ಹೆಜ್ಜೆ. ಎಣ್ಣೆ ತಾಗಿದ ರಬ್ಬರ್ ಬುಶ್‌ಗಳು ಉಬ್ಬಿ ಮೆತ್ತಗಾದವು. ಇಂಜಿನ್‌ನಲ್ಲಿ ಬೆಂದ ಎಣ್ಣೆಯಲ್ಲಿ ಆಮ್ಲವೂ ಮಸಿಯೂ ಇರುತ್ತವೆ, ಚರ್ಮಕ್ಕೂ ಅದು ಒಳ್ಳೆಯದಲ್ಲ. ಒಂದೇ ವರ್ಷಕ್ಕೆ ಬಿಟ್ಟೆ.

ಟಾರ್ ಕೋಟಿಂಗ್ ಮಾಡಿಸಿಕೊಂಡು ಬಂದ ದಿನ ಎಡಭಾಗ ನೋಡಲು ಎಷ್ಟು ಚೆಂದವಿತ್ತು! ಒಂದೇ ಸಮನೆ ಕಪ್ಪು, ಕಲ್ಲು ಬಡಿದರೂ ಸದ್ದು ಕಡಿಮೆ. ಎರಡನೆಯ ಮಳೆಗಾಲದ ನಂತರ, ಮಳೆ ನಿಂತು ಮೂರು ವಾರವಾಗಿತ್ತು, ಅಡಿಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ತಗಡಿನ ಅಂಚಿನಲ್ಲಿ ಟೊಳ್ಳು ಸದ್ದು ಬಂತು. ತುದಿಯಿಂದ ಮೀಟಿದರೆ ಕಾವಲಿಯಿಂದ ದೋಸೆ ಎದ್ದ ಹಾಗೆ ಕೋಟಿಂಗ್ ಎದ್ದು ಬಂತು. ಅದರ ಬೆನ್ನಿಗೆ ತುಕ್ಕಿನ ಪದರ, ನಡುವೆ ಇನ್ನೂ ಒದ್ದೆ. ಒಂದು ಹನಿ ನನ್ನ ಕೆನ್ನೆಗೇ ಬಿತ್ತು. ಆ ತಗಡನ್ನು ಕತ್ತರಿಸಿ ತೆಗೆಯುವಾಗ ವೆಲ್ಡಿಂಗಿನ ಹುಡುಗ ಹೇಳಿದ ಮಾತು ಮರೆಯುವಂತಿಲ್ಲ: "ಅಣ್ಣಾ, ತುಕ್ಕನ್ನು ನೀವು ಕೊಂದದ್ದಲ್ಲ, ಹೊದೆಸಿ ಮಲಗಿಸಿದ್ದು."

ಟಾರ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನೀರಿನಲ್ಲಿ ತೊಳೆದು ಅದೇ ಸಂಜೆ ಸಿಂಪಡಿಸಿದ್ದು ತಪ್ಪು. ಟಾರ್ ಒಣಗುತ್ತಾ ಗಟ್ಟಿಯಾಗುತ್ತದೆ, ಗುಡ್ಡದ ದಾರಿಯಲ್ಲಿ ಗಾಡಿಯ ಮೈ ತಿರುಚುವಾಗ ಅಂಚಿನಲ್ಲಿ ಬಿರುಕು ಬಿಡುತ್ತದೆ. ನೀರು ಒಳಗೆ ಹೋಗಲು ಕೂದಲಷ್ಟು ದಾರಿ ಸಾಕು, ಹೊರಗೆ ಬರಲು ದಾರಿಯೇ ಇಲ್ಲ. ಹುಟ್ಟಿದ ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಬೇಡುವುದರಿಂದ ಕೋಟಿಂಗನ್ನು ತಾನೇ ಎತ್ತಿ ಹಿಡಿಯುತ್ತದೆ. ಅದೇ ಎಡಬದಿಯ ಹಿಂದಿನ ಮಡ್‌ಗಾರ್ಡಿನ ಒಳಗೆ, ತಗಡು ಹೊಳೆಯುವಷ್ಟು ಉಜ್ಜಿ ಪ್ರೈಮರ್ ಹಾಕಿದ್ದ ಕಡೆ, ಟಾರ್ ಇಂದಿಗೂ ಅಲುಗಿಲ್ಲ.

ಮೇಣ ಒಣಗಿ ಗಟ್ಟಿಯಾಗುವುದಿಲ್ಲ, ಅದೇ ಅದರ ಗುಣ. ಕಂಪ್ರೆಸರಿಗೆ ಉದ್ದ ಕೊಳವೆ ಜೋಡಿಸಿ, ಸುತ್ತಲೂ ಚಿಮ್ಮುವ ನಳಿಗೆಯನ್ನು ಬಾಗಿಲಿನ ಒಳಕ್ಕೆ, ಟೊಳ್ಳು ತಗಡಿನ ಒಳಕ್ಕೆ ತೂರಿಸಿ, ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಬರಬೇಕು. ತಗಡು ತಗಡಿನ ಮೇಲೆ ಕೂತಿರುವ ಬೆಸುಗೆಯ ಸಂದಿಗೆ ಅದು ತಾನಾಗಿ ಹಬ್ಬುತ್ತದೆ. ಗೀರು ಬಿದ್ದರೆ ಸುತ್ತಲಿನ ಮೇಣವೇ ಸರಿದು ಮುಚ್ಚುತ್ತದೆ. ಅನಾನುಕೂಲಗಳೂ ಇವೆ: ಏಪ್ರಿಲ್ ಬಿಸಿಲಿಗೆ ತೊಟ್ಟಿಕ್ಕುತ್ತದೆ, ಧೂಳು ಹಿಡಿಯುತ್ತದೆ, ಒಂದು ವಾರ ಗಾಡಿಯೊಳಗೆ ವಾಸನೆ. ಚಕ್ರ ಎರಚುವ ಕೆಸರು, ಕಲ್ಲಿನ ಹೊಡೆತಕ್ಕೆ ಮಡ್‌ಗಾರ್ಡಿನಲ್ಲಿ ಒಂದೇ ಮಳೆಗಾಲದಲ್ಲಿ ಸವೆದುಹೋಯಿತು. ಆದರೆ ಟೊಳ್ಳಿನೊಳಗೆ ಮೂರು ಮಳೆಗಾಲದ ನಂತರವೂ ಬೆರಳು ಹಾಕಿದರೆ ಮೇಣ ಅಂಟುತ್ತದೆ. ಬಲ ಬಾಗಿಲಿನ ತಳದ ಮಡಿಕೆ ಹೊಸದರ ಹಾಗಿದೆ.

ಒಳಗಿನ ನೆಲದ್ದು ಬೇರೆಯೇ ಕಥೆ. ಕಾಲಿಡುವ ಜಾಗಕ್ಕೆ ಮೇಣ ಆಗದು. ಗ್ರೈಂಡರಿಗೆ ವಯರ್ ಬ್ರಶ್ ಹಾಕಿ ಎರಡು ದಿನ ಉಜ್ಜಿದೆ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಟ್ಯಾನಿಕ್ ಆಮ್ಲದ ದ್ರಾವಣ ಹಚ್ಚಿದೆ. ಕಂದು ಬಣ್ಣ ಕಣ್ಣೆದುರೇ ನೀಲಿಗಪ್ಪಾಗುವುದನ್ನು ನೋಡುವುದೇ ಒಂದು ಸಂತೋಷ. ಆದರೆ ಸಿಪ್ಪೆ ಏಳುವ ದಪ್ಪ ತುಕ್ಕಿಗೆ ಅದು ಇಳಿಯುವುದಿಲ್ಲ, ಉಜ್ಜುವ ಕೆಲಸ ತಪ್ಪುವುದಿಲ್ಲ. ಮೇಲೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟು. ಪಕ್ಕದಲ್ಲೇ ಒಂದು ಮೊಳ ಜಾಗಕ್ಕೆ ಬರೇ ರೆಡ್ ಆಕ್ಸೈಡ್ ಹಚ್ಚಿದ್ದೆ, ಅಲ್ಲಿ ಮೊದಲ ವರ್ಷವೇ ಗುಳ್ಳೆ ಎದ್ದಿತು. ಬೆಸುಗೆಯ ಗೆರೆಗೆ ಜಿಂಕ್ (ಸತು) ಪ್ರೈಮರ್ ಹಾಕಿದ್ದು ಚೆನ್ನಾಗಿ ನಿಂತಿದೆ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ, ಆದರೆ ಬರಿ ತಗಡಿಗೆ ನೇರ ತಾಗಿದರೆ ಮಾತ್ರ. ತುಕ್ಕಿನ ಮೇಲೆ ಬಳಿದರೆ ದುಡ್ಡು ದಂಡ. ಎಪಾಕ್ಸಿಯ ಕೆಲಸ ಮಾರ್ಚ್ ಕೊನೆಯೊಳಗೆ ಮುಗಿಸಿ. ಗಾಳಿಯಲ್ಲಿ ತೇವ ಏರಿದ ಮೇಲೆ ಒರೆಸಿದ ತಗಡಿನ ಮೇಲೂ ಕಣ್ಣಿಗೆ ಕಾಣದ ಪಸೆ ಇರುತ್ತದೆ.

ಇದಕ್ಕೆಲ್ಲ ಮೊದಲು ಒಂದು ಕೆಲಸವಿದೆ. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿವೆ. ನನ್ನದರಲ್ಲಿ ಒಣಗಿದ ಕೆಂಪುಮಣ್ಣು ತುಂಬಿ ಕಲ್ಲಾಗಿತ್ತು. ಹಿಡಿಸೂಡಿಯ ಕಡ್ಡಿ ಹಾಕಿ ಚುಚ್ಚಿದಾಗ ಎಡ ಬಾಗಿಲಿನಿಂದ ಒಂದು ಚೆಂಬು ನೀರು ಬಂತು. ಆ ನೀರನ್ನು ಒಳಗಿಟ್ಟುಕೊಂಡು ಯಾವ ಡಬ್ಬಿ ತಂದರೂ ವ್ಯರ್ಥ. ಈಗ ತಿಂಗಳಿಗೊಮ್ಮೆ ಕಡ್ಡಿ ಹಾಕುತ್ತೇನೆ. ಮೈಲುತುತ್ತಿನ ಕ್ಯಾನನ್ನು ಪ್ಲಾಸ್ಟಿಕ್ ಬುಟ್ಟಿಯೊಳಗಿಟ್ಟು ಒಯ್ಯುತ್ತೇನೆ.

ಈಗ ನೆಲಕ್ಕೆ ಎಪಾಕ್ಸಿ, ಟೊಳ್ಳಿಗೂ ಚಾಸಿಸ್ಸಿಗೂ ಮೇಣ, ನಾಲ್ಕೂ ಮಡ್‌ಗಾರ್ಡಿನ ಒಳಗೆ ಪ್ರೈಮರಿನ ಮೇಲೆ ಟಾರ್ ಎಂದು ತೀರ್ಮಾನಿಸಿದ್ದೇನೆ. ಎಡ ಅಡಿಭಾಗದ ಹಳೆ ಕೋಟಿಂಗನ್ನು ಉಳಿ ಹಿಡಿದು ಕೆರೆದು ತೆಗೆಯುತ್ತಿದ್ದೇನೆ, ಅರ್ಧ ಮುಗಿದಿದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಮೊದಲು ಅಲ್ಲಿಗೂ ಮೇಣ ಬೀಳಬೇಕು.