ಮಕ್ಕಳು, ಫ್ಯಾಮಿಲಿ ಕೌನ್ಸೆಲಿಂಗ್‌ಗೆ ಎಮ್ಮೆಸ್ಸಿ ಸೈಕಾಲಜಿನಾ, ಎಂಎಸ್‌ಡಬ್ಲ್ಯೂನಾ (ಸಮಾಜಕಾರ್ಯದ ಮಾಸ್ಟರ್ಸ್)?

ಎರಡೂ ಮೈಸೂರು ವಿವಿ ಕ್ಯಾಂಪಸ್ ಮಾನಸಗಂಗೋತ್ರೀಲೇ ಇದೆ, ಮಂಡ್ಯದವ್ರು ಟ್ರೈನಲ್ಲಿ ಓಡಾಡ್ಕೊಂಡೇ ಓದ್ಬಹುದು. ಸೈಕಾಲಜೀಲಿ ಮಗು ಬೆಳವಣಿಗೆ, ಬುದ್ಧಿಮಟ್ಟದ ಟೆಸ್ಟು, ಸ್ಟ್ಯಾಟಿಸ್ಟಿಕ್ಸು (ಇದಕ್ಕೇ ಸುಮಾರು ಜನ ಹೆದರೋದು) ಎಲ್ಲ ಬರುತ್ತೆ, ಆದ್ರೆ ಮೊದ್ಲೇ ಹೇಳ್ಬಿಡ್ತೀನಿ, ಬರೀ ಎಮ್ಮೆಸ್ಸಿ ಮುಗಿಸಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕ್ಕೊಳ್ಳೋಕಾಗಲ್ಲ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆ ಇರೋ ಕೋರ್ಸ್ ಬೇರೆ ಮಾಡಿ ರಿಜಿಸ್ಟರ್ ಆಗ್ಬೇಕು, ನಿಮ್ಹಾನ್ಸ್ ಸೀಟಿಗಂತೂ ಭಾರಿ ಪೈಪೋಟಿ.

ಎಂಎಸ್‌ಡಬ್ಲ್ಯೂನಲ್ಲಿ ಟೆಸ್ಟು ಗಿಸ್ಟು ಕಮ್ಮಿ, ಫೀಲ್ಡ್‌ವರ್ಕೇ ಜಾಸ್ತಿ, ಮನೆಗೇ ಹೋಗಿ ಮಗು ಯಾಕೆ ಸ್ಕೂಲ್ ಬಿಡ್ತು, ಅಪ್ಪ ಕುಡೀತಾನಾ ಅಂತ ವಿಚಾರ್ಸೋದು. ಮಕ್ಕಳ ರಕ್ಷಣಾ ಘಟಕ, ಎನ್‌ಜಿಒ ಕಡೆ ಹೋಗೋರಿಗೆ ನನ್ ಪ್ರಕಾರ ಇದೇ ವಾಸಿ.

ದೂರಶಿಕ್ಷಣದಲ್ಲಿ ಸೈಕಾಲಜಿ ಮಾಡ್ತೀನಿ ಅಂದ್ಕೊಂಡಿದ್ರೆ ಬಿಟ್ಬಿಡಿ, 2025ರಲ್ಲಿ ಯುಜಿಸಿ ಹೊಸ ಅಡ್ಮಿಷನ್ ನಿಲ್ಸಿದೆ.